ಗಾಯಕ ಉಸಿರು ಎಳೆದುಕೊಳ್ಳುವಾಗ ಪಿಯಾನೊ ಏನು ಮಾಡುತ್ತದೆ?

ಪ್ರಶ್ನೆ: ನಾನು ಹುಬ್ಬಳ್ಳಿ ಕಡೆಯವನು. ಇಪ್ಪತ್ತು ವರ್ಷದಿಂದ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಮಗಳು ಫೋನಿಗೆ ಒಂದು ಹಳೇ ಅಮೆರಿಕನ್ ಆಲ್ಬಂ ಹಾಕಿಕೊಟ್ಟಿದ್ದಾಳೆ. ಹೆಸರು ‘ಸ್ಟಾರ್ಮಿ ಮಂಡೇ’, 1962ರದ್ದು. ಹಾಡಿದವನು ಲೂ ರಾಲ್ಸ್, ಪಿಯಾನೊ ಲೆಸ್ ಮೆಕ್ಯಾನ್. ಮಾತು ಪೂರ್ತಿ ಅರ್ಥ ಆಗದಿದ್ದರೂ ಹಿಡಿದುಬಿಟ್ಟಿದೆ. ಮೂರು ಅನುಮಾನ. ಒಂದು, ಇದನ್ನು ಜಾಝ್ ಎನ್ನುತ್ತಾರೆ, ಗಾಯಕನನ್ನು ಸೋಲ್ ಗಾಯಕ ಎನ್ನುತ್ತಾರೆ, ಹಾಡುಗಳು ಬ್ಲೂಸ್ ಅಂತೆ. ಹಾಗಾದರೆ ಇದು ಏನು? ಎರಡು, ಪಿಯಾನೊದವನು ಹಾಡಿನ ಧಾಟಿ ನುಡಿಸುವುದೇ ಇಲ್ಲ. ನಡುನಡುವೆ ಏನೋ ಬಾರಿಸಿ ಸುಮ್ಮನಾಗುತ್ತಾನೆ. ನಾನು ಹೀಗೆ ಮಾಡಿದರೆ ಭಜನೆಯಿಂದ ಎಬ್ಬಿಸಿ ಕಳಿಸುತ್ತಾರೆ. ಅವನದು ಮಾತ್ರ ಯಾಕೆ ಸರಿ ಕೇಳುತ್ತದೆ? ಮೂರು, ಹೊದಿಕೆ ಮೇಲೆ ಇಬ್ಬರ ಹೆಸರೂ ಇದೆ. ಇದು ಯಾರ ಆಲ್ಬಂ?

ಉತ್ತರ: ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಉಳಿದೆರಡರ ಉತ್ತರ ಅದರ ಹೊಟ್ಟೆಯಲ್ಲೇ ಇದೆ.

ನೀವು ಹಾರ್ಮೋನಿಯಂ ನುಡಿಸುವವರು. ನಿಮ್ಮ ಕೆಲಸ ಹಾಡುವವರ ಹಿಂದೆ ನೆರಳಿನ ಹಾಗೆ ಹೋಗುವುದು. ಅವರು ಮೇಲಕ್ಕೆ ಹೋದರೆ ನೀವೂ ಮೇಲಕ್ಕೆ. ಅವರು ಎಲ್ಲೋ ಸ್ವರ ತಪ್ಪಿದರೆ ನಿಮ್ಮ ಪೆಟ್ಟಿಗೆ ಅವರನ್ನು ದಾರಿಗೆ ತರುತ್ತದೆ. ಹಾಡಿಗೂ ನಿಮಗೂ ನಡುವೆ ಸಂದಿ ಕಂಡರೆ ಅದು ನಿಮ್ಮ ತಪ್ಪು. ಆ ಕಿವಿ ಇಟ್ಟುಕೊಂಡು ಮೆಕ್ಯಾನ್‌ನನ್ನು ಕೇಳಿದರೆ ‘ಇವನು ಸಾಥ್ ಕೊಡ್ತಾ ಇದ್ದಾನೋ, ಮಧ್ಯೆ ಬಾಯಿ ಹಾಕ್ತಾ ಇದ್ದಾನೋ’ ಅನ್ನಿಸುವುದು ಸಹಜ. ನಿಜ ಹೇಳಬೇಕೆಂದರೆ ಅವನು ಮಧ್ಯೆ ಬಾಯಿ ಹಾಕುತ್ತಲೇ ಇದ್ದಾನೆ. ಆದರೆ ಹಾಗೆ ಬಾಯಿ ಹಾಕಲು ಹಾಡೇ ಅವನಿಗೆ ಜಾಗ ಬಿಟ್ಟಿದೆ.

ಅದನ್ನು ನಂಬಬೇಡಿ, ಎಣಿಸಿ ನೋಡಿ. ಆಲ್ಬಂನ ಹೆಸರಿನ ಹಾಡನ್ನೇ ಹಾಕಿ. ಮೊದಲ ಸಲ ಗಾಯಕನನ್ನೂ ಪಿಯಾನೊವನ್ನೂ ಮರೆತು ಕೆಳಗಿನ ದಪ್ಪ ತಂತಿಯನ್ನು ಹುಡುಕಿ. ಅದು ಡಬಲ್ ಬಾಸ್. ಅದರ ನಡಿಗೆಗೆ ಬೆರಳು ತಟ್ಟುತ್ತಾ ನಾಲ್ಕು ನಾಲ್ಕಾಗಿ ಎಣಿಸಿ. ನಾಲ್ಕು ಮಾತ್ರೆಗೆ ಒಂದು ಬಾರ್. ಹನ್ನೆರಡು ಬಾರ್ ಆದರೆ ಒಂದು ಸುತ್ತು, ಅಂದರೆ 48 ಮಾತ್ರೆ. ನಮ್ಮ ಕಡೆ ಆವರ್ತ ಅನ್ನುತ್ತೇವಲ್ಲ, ಹಾಗೇ ಅಂದುಕೊಳ್ಳಿ. ಸುತ್ತು ಮುಗಿದ ತಕ್ಷಣ ಮತ್ತೆ ಮೊದಲಿಗೆ. ಕೊನೆತನಕ ಇದೇ.

ಈ 48 ಮಾತ್ರೆಯಲ್ಲಿ ಮೂರು ಸಾಲು ಬರುತ್ತವೆ. ಮೊದಲ ಸಾಲು ಒಂದು ಮಾತು ಹೇಳುತ್ತದೆ. ಎರಡನೆಯದು ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತದೆ. ಮೂರನೆಯದು ಅದಕ್ಕೆ ಮುಕ್ತಾಯ ಕೊಡುತ್ತದೆ. ಒಂದೊಂದು ಸಾಲಿಗೆ 16 ಮಾತ್ರೆ. ಈಗ ಇನ್ನೊಮ್ಮೆ ಹಾಡು ಹಾಕಿ, ಮಾತು ಎಷ್ಟನೇ ಮಾತ್ರೆಗೆ ಮುಗಿಯಿತು ನೋಡಿ. ಹೆಚ್ಚುಕಡಿಮೆ ಅರ್ಧಕ್ಕೆ ಗಾಯಕನ ಮಾತು ಮುಗಿದಿರುತ್ತದೆ. ಉಳಿದ ಆರೋ ಎಂಟೋ ಮಾತ್ರೆ ಖಾಲಿ.

ಈ ಖಾಲಿ ಜಾಗ ಯಾರೋ ಮರೆತು ಬಿಟ್ಟದ್ದಲ್ಲ. ಬ್ಲೂಸ್ ಅನ್ನುವ ಹಾಡಿನ ರೂಪ ಹುಟ್ಟಿದ್ದೇ ಹೀಗೆ. ಗಿಟಾರ್ ಹಿಡಿದು ಒಬ್ಬನೇ ಹಾಡುತ್ತಿದ್ದವನೂ ಅರ್ಧ ಸಾಲು ಹಾಡಿ, ಉಳಿದರ್ಧದಲ್ಲಿ ತನ್ನ ಗಿಟಾರ್‌ನಿಂದ ತನಗೇ ಉತ್ತರ ಕೊಟ್ಟುಕೊಳ್ಳುತ್ತಿದ್ದ. ‘ಸ್ಟಾರ್ಮಿ ಮಂಡೇ’ ಹಾಡನ್ನು ಕಟ್ಟಿದ ಟಿ-ಬೋನ್ ವಾಕರ್ ಗಿಟಾರ್‌ನವನೇ. ಅವನ 1947ರ ಧ್ವನಿಮುದ್ರಣದಲ್ಲಿ ಗಿಟಾರ್ ಮಾಡಿದ ಕೆಲಸವನ್ನು ಇಲ್ಲಿ ಪಿಯಾನೊ ಮಾಡುತ್ತಿದೆ, ಅಷ್ಟೇ.

ಹಾಡಿನ ಮಾತು ಗೊತ್ತಿಲ್ಲ ಅಂದಿರಿ. ಬಹಳ ಸರಳ. ಕೂಲಿಯವನ ವಾರ. ಸೋಮವಾರ ಬಿರುಗಾಳಿಯಂತಿದೆ, ಮಂಗಳವಾರವೂ ಅಷ್ಟೇ ಕೆಟ್ಟದು, ಬುಧವಾರ ಅದಕ್ಕಿಂತ ಕಡೆ, ಗುರುವಾರವೂ ದುಃಖದ್ದೇ. ಶುಕ್ರವಾರ ಹದ್ದು ಹಾರುತ್ತದೆ. ಹದ್ದು ಅಂದರೆ ಡಾಲರ್ ಮೇಲಿನ ಹದ್ದು, ಅಂದರೆ ಬಟವಾಡೆ ದಿನ. ಶನಿವಾರ ಮೋಜು. ಭಾನುವಾರ ಚರ್ಚಿಗೆ ಹೋಗಿ ಮಂಡಿಯೂರುವುದು. ಒಂದೇ ಮಾತನ್ನು ಎರಡು ಸಲ ಹೇಳುತ್ತಾನಲ್ಲ, ಮೊದಲ ಸಲ ಪಿಯಾನೊ ಕೊಡುವ ಉತ್ತರ ಒಂದು, ಎರಡನೇ ಸಲದ ಉತ್ತರ ಬೇರೆ. ಎರಡನೇ ಸಲ ಕೆಳಗಿನ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲು, ಬದಲಾಗಿರುತ್ತದೆ. ನಿಮ್ಮ ಪೆಟ್ಟಿಗೆಯ ಭಾಷೆಯಲ್ಲಿ ಹೇಳಿದರೆ, ಮೊದಲ ಸಾಲು ‘ಸ’ದ ಮೇಲೆ ನಿಂತಿದ್ದರೆ, ಎರಡನೆಯದು ‘ಮ’ದ ಮೇಲೆ ಕಾಲಿಟ್ಟು ‘ಸ’ಕ್ಕೆ ಹಿಂದಿರುಗುತ್ತದೆ. ಮೂರನೆಯದು ‘ಪ’ದಿಂದ ಇಳಿದು ಬರುತ್ತದೆ. ಅದೇ ಮಾತು, ಆದರೆ ಕೆಳಗಿನ ನೆಲ ಸರಿದಿದೆ. ಮಂಗಳವಾರ ಕೆಟ್ಟದು ಅಂತ ಮೊದಲ ಸಲ ಹೇಳಿದಾಗ ಅದು ಸುದ್ದಿ. ಎರಡನೇ ಸಲ ಅದು ನೋವು.

ಈಗ ಒಂದು ಹೆಜ್ಜೆ ಹಿಂದೆ ಹೋಗಿ ಈ ಇಬ್ಬರು ಎಲ್ಲಿಂದ ಬಂದರು ನೋಡೋಣ. ಪಿಯಾನೊದ ಈ ಬುದ್ಧಿ ಬರೀ ಬ್ಲೂಸ್‌ನಿಂದ ಬಂದದ್ದಲ್ಲ.

ಲೂ ರಾಲ್ಸ್ 1933ರ ಡಿಸೆಂಬರ್‌ನಲ್ಲಿ ಶಿಕಾಗೊದಲ್ಲಿ ಹುಟ್ಟಿದ. ಸಾಕಿದ್ದು ಅಜ್ಜಿ. ಏಳು ವರ್ಷಕ್ಕೇ ಬ್ಯಾಪ್ಟಿಸ್ಟ್ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದ. ಅದೇ ಊರಲ್ಲಿ ಹುಡುಗನಾಗಿ ಜೊತೆಗೆ ಹಾಡಿದ ಗೆಳೆಯ ಸ್ಯಾಮ್ ಕುಕ್, ಮುಂದೆ ಸೋಲ್ ಸಂಗೀತಕ್ಕೆ, ಅಂದರೆ ಚರ್ಚಿನ ದನಿಯಲ್ಲಿ ಲೋಕದ ಹಾಡು ಹಾಡುವ ಬಗೆಗೆ, ತಳಪಾಯ ಹಾಕಿದವನು. ರಾಲ್ಸ್ ಸೈನ್ಯಕ್ಕೆ ಹೋಗಿ ಬಂದು ಪಿಲ್ಗ್ರಿಮ್ ಟ್ರಾವೆಲರ್ಸ್ ಎಂಬ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ತಂಡದಲ್ಲಿ ತಿರುಗುತ್ತಿದ್ದಾಗ, 1958ರಲ್ಲಿ ಕುಕ್ ಜೊತೆ ಹೋಗುತ್ತಿದ್ದ ಕಾರು ಲಾರಿಗೆ ಗುದ್ದಿತು. ರಾಲ್ಸ್ ಸತ್ತೇ ಹೋದ ಅಂದಿದ್ದರು. ಐದಾರು ದಿನ ಪ್ರಜ್ಞೆ ಇರಲಿಲ್ಲ. ಪೂರ್ತಿ ಸುಧಾರಿಸಲು ಒಂದು ವರ್ಷ ಹಿಡಿಯಿತು. ಆಮೇಲೆ ಲಾಸ್ ಏಂಜಲೀಸ್‌ನ ಪಂಡೋರಾಸ್ ಬಾಕ್ಸ್ ಎಂಬ ಕಾಫಿ ಅಂಗಡಿಯಲ್ಲಿ ಹಾಡುತ್ತಿದ್ದಾಗ ಕ್ಯಾಪಿಟಲ್ ಕಂಪನಿಯ ನಿರ್ಮಾಪಕ ನಿಕ್ ವೆನೆಟ್ ಕಿವಿಗೆ ಬಿದ್ದ. ಈ ವೆನೆಟ್‌ನೇ ಅದೇ 1962ರಲ್ಲಿ ಬೀಚ್ ಬಾಯ್ಸ್ ಹುಡುಗರನ್ನೂ ಕ್ಯಾಪಿಟಲ್‌ಗೆ ತಂದವನು. ಒಂದು ಕಡೆ ಸಮುದ್ರದ ಅಲೆ ಮೇಲೆ ಆಡುವ ಹುಡುಗರ ಹಾಡು, ಇನ್ನೊಂದು ಕಡೆ ಇದು. ಒಳ್ಳೆ ಕಿವಿ, ಅಲ್ವಾ?

ಲೆಸ್ ಮೆಕ್ಯಾನ್ 1935ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಹುಟ್ಟಿದವನು. ಅವನ ಮನೆಯವರಲ್ಲಿ ಬಹುತೇಕರು ಚರ್ಚಿನಲ್ಲಿ ಹಾಡುವವರೇ. ಆರು ವರ್ಷಕ್ಕೆ ಪಿಯಾನೊ ಪಾಠಕ್ಕೆ ಹಾಕಿದರು. ಕೆಲವೇ ವಾರದಲ್ಲಿ ಮೇಷ್ಟ್ರು ತೀರಿಕೊಂಡರು. ಅಲ್ಲಿಗೆ ಪಾಠ ಮುಗಿಯಿತು. ಉಳಿದದ್ದೆಲ್ಲ ಕೇಳಿ ಕಲಿತದ್ದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅವನು ನೌಕಾಪಡೆಯಲ್ಲಿದ್ದಾಗ ಬಹುಮಾನ ಗೆದ್ದದ್ದು ಪಿಯಾನೊಗಲ್ಲ, ಹಾಡಿಗೆ. ಆ ಗೆಲುವಿನಿಂದಲೇ 1956ರಲ್ಲಿ ಎಡ್ ಸಲ್ಲಿವನ್‌ನ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ. ಹಾಡಿ ಗೊತ್ತಿರುವ ಪಿಯಾನೊದವನಿಗೂ ಹಾಡಿ ಗೊತ್ತಿಲ್ಲದವನಿಗೂ ಇರುವ ವ್ಯತ್ಯಾಸ ನಿಮಗೆ ಹೇಳಿಕೊಡಬೇಕಿಲ್ಲ. ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಅನ್ನುವುದು ಮೊದಲನೆಯವನ ಎದೆಗೇ ಗೊತ್ತಿರುತ್ತದೆ.

ಇಬ್ಬರೂ ಚರ್ಚಿನ ಮಕ್ಕಳು. ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಾದ್ರಿ ಒಂದು ಮಾತು ಹೇಳಿ ನಿಲ್ಲಿಸುತ್ತಾನೆ. ಕೂತ ಜನ ಸುಮ್ಮನಿರುವುದಿಲ್ಲ. ‘ಆಮೆನ್’ ಅನ್ನುತ್ತಾರೆ, ‘ಹೌದು, ಹೌದು’ ಅನ್ನುತ್ತಾರೆ, ‘ಹೇಳು ಮತ್ತೆ’ ಅನ್ನುತ್ತಾರೆ. ನಿಮ್ಮ ಭಜನೆಯಲ್ಲೂ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಹಾಡುತ್ತಾರೆ. ಆದರೆ ಅಲ್ಲಿ ಜನ ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಚರ್ಚಿನಲ್ಲಿ ಹಾಗಲ್ಲ. ಜನ ಹೇಳುವುದು ಬೇರೆಯೇ ಮಾತು. ಮಾತಾಡುವವನನ್ನು ಮೆಚ್ಚುವ, ಕೆರಳಿಸುವ, ಇನ್ನಷ್ಟು ಎಳೆಯುವ ಮಾತು. ಮೆಕ್ಯಾನ್‌ನ ಪಿಯಾನೊ ರಾಲ್ಸ್‌ನ ಹಾಡಿಗೆ ಮಾಡುವುದು ಇದನ್ನೇ. ಅದು ವಾದ್ಯವೃಂದದ ಕೆಲಸವಲ್ಲ, ಚರ್ಚಿನ ಬೆಂಚಿನ ಮೇಲೆ ಕೂತ ಜನರ ಕೆಲಸ.

ಇದಕ್ಕೆ ಒಂದು ಚಂದದ ಜೋಡಿ ಸಾಕ್ಷಿ ಇದೆ. ಅದೇ 1962ರಲ್ಲಿ ಸ್ಯಾಮ್ ಕುಕ್ ‘ಬ್ರಿಂಗ್ ಇಟ್ ಆನ್ ಹೋಮ್ ಟು ಮಿ’ ಎಂಬ ಹಾಡು ಹಾಡಿದ. ಅದರಲ್ಲಿ ಅವನ ದನಿಯ ಬೆನ್ನಿಗೆ ಇನ್ನೊಂದು ದಪ್ಪ ದನಿ ಬರುತ್ತದೆ. ಕುಕ್ ‘ಯೆ’ ಅಂದರೆ ಅದೂ ‘ಯೆ’ ಅನ್ನುತ್ತದೆ. ಆ ದನಿ ರಾಲ್ಸ್‌ನದು. ಒಂದು ಕಡೆ ತಾನು ಹಾಡಿ ಉತ್ತರ ಪಡೆಯುತ್ತಾನೆ, ಅದೇ ವರ್ಷ ಇನ್ನೊಂದು ಕಡೆ ಗೆಳೆಯನಿಗೆ ತಾನೇ ಉತ್ತರ ಕೊಡುತ್ತಾನೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮೆಕ್ಯಾನ್ ಬೆರಳಲ್ಲಿ ಮಾಡುವುದನ್ನು ಅಲ್ಲಿ ರಾಲ್ಸ್ ಗಂಟಲಲ್ಲಿ ಮಾಡುತ್ತಾನೆ.

ಇನ್ನು ಹಾರ್ಮೋನಿಯಂನವರಿಗೆ ಮಾತ್ರ ಪೂರ್ತಿ ರುಚಿಸುವ ಒಂದು ಸಂಗತಿ. ನಿಮ್ಮ ಪೆಟ್ಟಿಗೆಯಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ. ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ಗಾಯಕರು ಎಲ್ಲೆಲ್ಲೋ ನಿಲ್ಲುತ್ತಾರೆ, ನಿಮ್ಮ ಹತ್ತಿರ ಆ ಎರಡು ಮನೆ ಬಿಟ್ಟರೆ ನಡುವೆ ಏನೂ ಇಲ್ಲ. ಪಿಯಾನೊದ ಕಷ್ಟವೂ ಅದೇ. ಬ್ಲೂಸ್‌ನ ಜೀವ ಇರುವುದು ಸರಿಯಾಗಿ ಆ ಎರಡು ಗಾಂಧಾರಗಳ ನಡುವೆ. ಅದಕ್ಕೆ ಬ್ಲೂ ನೋಟ್ ಅನ್ನುತ್ತಾರೆ. ರಾಲ್ಸ್ ಅಲ್ಲಿಗೆ ಜಾರಿಕೊಂಡು ಹೋಗಿ ಆರಾಮಾಗಿ ಕೂರುತ್ತಾನೆ. ಪಿಯಾನೊದವನು ಏನು ಮಾಡಬೇಕು? ಎರಡು ಮನೆಯನ್ನೂ ಹೆಚ್ಚುಕಡಿಮೆ ಒಟ್ಟಿಗೇ ಒತ್ತುತ್ತಾನೆ. ಕೋಮಲ ಗಾಂಧಾರವನ್ನು ಮುಟ್ಟಿದ ಹಾಗೆ ಮಾಡಿ, ಅದು ಸಾಯುವ ಮೊದಲೇ ಬೆರಳನ್ನು ಶುದ್ಧಕ್ಕೆ ಜಾರಿಸುತ್ತಾನೆ. ಕಿವಿಗೆ ಎರಡು ಸ್ವರ ಅನ್ನಿಸುವುದಿಲ್ಲ, ಒಂದು ಸ್ವರ ಉಜ್ಜಿಕೊಂಡು ಬಂದ ಹಾಗೆ ಅನ್ನಿಸುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಇವತ್ತೇ ಮಾಡಿ ನೋಡಿ. ಕಪ್ಪು ಮನೆಯಿಂದ ಬಿಳಿ ಮನೆಗೆ ಒಂದೇ ಬೆರಳನ್ನು ಜಾರಿಸಿ, ಮೇಲಿನ ಪಂಚಮವನ್ನು ಇನ್ನೊಂದು ಬೆರಳಲ್ಲಿ ಹಿಡಿದಿಡಿ. ತಕ್ಷಣ ಒಂದು ಬೇರೆ ದೇಶದ ವಾಸನೆ ಬರುತ್ತದೆ. ನಿಮ್ಮ ಮಂಡಳಿಯ ಹಿರಿಯರು ಪಕ್ಕದಲ್ಲಿಲ್ಲದಾಗ ಮಾಡುವುದು ಒಳ್ಳೆಯದು.

ಇನ್ನೊಂದು ಗುರುತು ಹೇಳುತ್ತೇನೆ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದಾಗ ‘ಆಮೆನ್’ ಅನ್ನುವ ಎರಡು ಕಾರ್ಡ್ ಇರುತ್ತವೆ, ‘ಮ’ದಿಂದ ‘ಸ’ಕ್ಕೆ ಇಳಿಯುವಂಥದ್ದು. 1950ರ ದಶಕದ ಕೊನೆಗೆ ಕೆಲವು ಜಾಝ್ ಪಿಯಾನೊದವರು ಈ ಇಳಿಕೆಯನ್ನು ರಾತ್ರಿ ಕ್ಲಬ್ಬಿಗೆ ತಂದರು. ಬಾಬಿ ಟಿಮನ್ಸ್ ಕಟ್ಟಿದ ‘ಮೋನಿನ್’ ಕೇಳಿ, ಪಿಯಾನೊ ಒಂದು ಸಾಲು ಹೇಳುತ್ತದೆ, ತುತ್ತೂರಿಗಳು ‘ಆಮೆನ್’ ಅನ್ನುತ್ತವೆ. ಮೆಕ್ಯಾನ್ ಆ ಗುಂಪಿನವನು. ಈ ಬಗೆಗೆ ‘ಸೋಲ್ ಜಾಝ್’ ಅನ್ನುವ ಹೆಸರು ಬಂತು.

ಇಲ್ಲಿಗೆ ನಿಮ್ಮ ಮೊದಲ ಪ್ರಶ್ನೆ ಬಂತು ನೋಡಿ. ಜಾಝೋ, ಸೋಲೋ, ಬ್ಲೂಸೋ? ಹಾಡುಗಳ ಹುಟ್ಟು ನೋಡಿದರೆ ಹೆಚ್ಚಿನವು ಬ್ಲೂಸ್. ‘ಸೀ ಸೀ ರೈಡರ್’ ಅನ್ನು ಮಾ ರೇನಿ 1924ರಲ್ಲೇ ಹಾಡಿದ್ದಳು, ಆಗ ಅವಳ ಹಿಂದೆ ಕಾರ್ನೆಟ್ ಎಂಬ ಸಣ್ಣ ತುತ್ತೂರಿ ಊದಿದವನು ಲೂಯಿ ಆರ್ಮ್‌ಸ್ಟ್ರಾಂಗ್. ‘ಟೇಂಟ್ ನೋಬಡೀಸ್ ಬಿಸ್ನೆಸ್’ 1922ರ ಹಾಡು, ಬೆಸ್ಸಿ ಸ್ಮಿತ್ 1923ರಲ್ಲಿ ಹಾಡಿದ್ದಳು. ನುಡಿಸುವ ರೀತಿ ನೋಡಿದರೆ ಜಾಝ್. ಬಾಸ್ ನಡೆಯುತ್ತದೆ, ಡ್ರಮ್ ತೂಗುತ್ತದೆ, ಪಿಯಾನೊ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತದೆ. ದನಿಯ ಬಗೆ ನೋಡಿದರೆ ಗಾಸ್ಪೆಲ್. ಸೋಲ್ ಗಾಯಕ ಅನ್ನುವ ಹೆಸರು ರಾಲ್ಸ್‌ಗೆ ಗಟ್ಟಿಯಾಗಿ ಅಂಟಿದ್ದು ಆಮೇಲೆ, 1966ರ ‘ಲವ್ ಈಸ್ ಎ ಹರ್ಟಿನ್ ಥಿಂಗ್’ ನಂತರ. 1976ರ ‘ಯೂವಿಲ್ ನೆವರ್ ಫೈಂಡ್’ ಅವನನ್ನು ಮನೆಮಾತು ಮಾಡಿತು. ಈ ಆಲ್ಬಂ ಮಾಡುವಾಗ ಅವನು ಇನ್ನೂ ಯಾವ ಅಂಗಡಿಯ ಯಾವ ಕಪಾಟಿಗೂ ಸೇರದ 28ರ ಹುಡುಗ. ಹಿಂದಿನದನ್ನು ಮುಂದಿನ ಹೆಸರಿನಿಂದ ಕರೆಯುವುದು ನಮ್ಮ ಅಭ್ಯಾಸ. ತಪ್ಪೇನಿಲ್ಲ, ಆದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ‘ಸೋಲ್’ ಅನ್ನುವ ಮಾತೇ ಜಾಝ್‌ನವರ ಬಾಯಲ್ಲಿ ಮೊದಲು ಓಡಾಡಿ ಆಮೇಲೆ ಗಾಯಕರ ಮೇಲೆ ಬಿದ್ದದ್ದು. ಗಾಯಕ ರೇ ಚಾರ್ಲ್ಸ್ ಮತ್ತು ವೈಬ್ರಫೋನ್ ಎಂಬ ಲೋಹದ ಪಟ್ಟಿಗಳ ವಾದ್ಯದ ಮಿಲ್ಟ್ ಜ್ಯಾಕ್ಸನ್ ಸೇರಿ 1958ರಲ್ಲೇ ‘ಸೋಲ್ ಬ್ರದರ್ಸ್’ ಎಂಬ ಆಲ್ಬಂ ತಂದಿದ್ದರು.

ಬಾಸ್ ಮತ್ತು ಡ್ರಮ್‌ನವರನ್ನು ಮರೆಯಬಾರದು. ಬಾಸ್ ನುಡಿಸಿದ ಲೀರಾಯ್ ವಿನ್ನೆಗರ್‌ಗೆ ‘ವಾಕರ್’, ಅಂದರೆ ನಡೆಯುವವನು, ಅಂತಲೇ ಅಡ್ಡಹೆಸರು. ನಾಲ್ಕು ಮಾತ್ರೆಗೆ ನಾಲ್ಕು ಸ್ವರ, ಒಂದೇ ಸಮನೆ ನಡೆಯುವುದರಲ್ಲಿ ಅವನಷ್ಟು ಗಟ್ಟಿ ಕಾಲಿನವರು ಕಡಿಮೆ. ಅವನ ಸ್ವಂತ ಆಲ್ಬಂಗಳ ಹೆಸರಲ್ಲೂ ನಡಿಗೆಯೇ ಇದೆ. ಡ್ರಮ್ ರಾನ್ ಜೆಫರ್ಸನ್. ಈ ಇಬ್ಬರು ನೆಲ ಹಿಡಿದುಕೊಂಡಿರುವುದರಿಂದಲೇ ಮೆಕ್ಯಾನ್ ಕೈ ಎತ್ತಿ ಸುಮ್ಮನೆ ಕೂರಬಹುದು. ನೀವು ಭಜನೆಯಲ್ಲಿ ಕೈ ಎತ್ತಿದರೆ ಹಾಡಿಗೆ ನೆಲವೇ ಇರುವುದಿಲ್ಲ, ಯಾಕೆಂದರೆ ಅಲ್ಲಿ ಸ್ವರ ಹಿಡಿಯುವವರು ನೀವೊಬ್ಬರೇ. ಎಬ್ಬಿಸಿ ಕಳಿಸುತ್ತಾರೆ ಅಂದಿರಲ್ಲ, ಕಳಿಸುವುದು ಸರಿಯೇ!

ಒಂದು ಸ್ವಂತ ಅವಮಾನ ಹೇಳಿಕೊಳ್ಳುತ್ತೇನೆ. ಚಿಕ್ಕವನಿದ್ದಾಗ ನಾನು ಬೆಂಗಳೂರಿನ ಹೋಟೆಲ್ ಒಂದರಲ್ಲಿ ಶನಿವಾರ ಸಂಜೆ ಕೀಬೋರ್ಡ್ ನುಡಿಸುತ್ತಿದ್ದೆ. ಒಬ್ಬರು ಹಿರಿಯ ಗಾಯಕಿ, ತುಂಬಾ ಒಳ್ಳೆಯ ಕಂಠ. ಮೆಕ್ಯಾನ್‌ನನ್ನು ಅದೇ ತಾನೇ ಕೇಳಿದ್ದ ಹುರುಪು ನನಗೆ. ಅವರು ಸಾಲು ಮುಗಿಸಿದ್ದೇ ತಡ ನಾನು ಒಂದು ತುಣುಕು ಹಾಕುತ್ತಿದ್ದೆ. ಪ್ರತಿ ಸಂದಿಗೂ ಒಂದು. ಸಾಲು ಮುಗಿಯುವ ಮೊದಲೇ ಕೆಲವು. ಜನ ಚಪ್ಪಾಳೆ ಹೊಡೆದರು, ನಾನು ಬೀಗಿದೆ. ವಿರಾಮದಲ್ಲಿ ಅವರು ಚಹಾ ಕುಡಿಯುತ್ತಾ ಮೆಲ್ಲಗೆ ಕೇಳಿದರು, ‘ನಾನು ಉಸಿರು ತಗೊಳ್ಳೋದು ಎಲ್ಲಿ ಅಂತ ಹೇಳಿಬಿಡು, ಅಲ್ಲಿ ತಗೋತೀನಿ.’ ಇವತ್ತಿಗೂ ಆ ಚಹಾ ಗಂಟಲಲ್ಲಿ ಇಳಿದಿಲ್ಲ. ಮನೆಗೆ ಬಂದು ಅದೇ ಆಲ್ಬಂ ಮತ್ತೆ ಹಾಕಿದೆ. ಆಗ ಕೇಳಿಸಿದ್ದು ಮೆಕ್ಯಾನ್ ನುಡಿಸಿದ್ದಲ್ಲ, ನುಡಿಸದೆ ಬಿಟ್ಟದ್ದು. ಎಷ್ಟೋ ಸಂದಿಗಳಲ್ಲಿ ಅವನು ಒಂದೇ ಕಾರ್ಡನ್ನು ಚುಟುಕಾಗಿ ಒತ್ತಿ ಕೈ ತೆಗೆಯುತ್ತಾನೆ. ‘ಹ್ಞಾಂ, ಕೇಳ್ತಾ ಇದ್ದೀನಿ’ ಅಂದ ಹಾಗೆ.

ಎಲ್ಲ ಹಾಡೂ ಒಂದೇ ತೂಕದವಲ್ಲ. ನನಗೆ ಬಹಳ ಹಿಡಿಸುವುದು ‘ಐಡ್ ರಾದರ್ ಡ್ರಿಂಕ್ ಮಡ್ಡಿ ವಾಟರ್’. ಕೆಸರು ನೀರು ಕುಡಿದು ಮರದ ಪೊಟರೆಯಲ್ಲಿ ಮಲಗಿದರೂ ಸರಿ, ನಾಯಿಯ ಹಾಗೆ ನಡೆಸಿಕೊಳ್ಳುವ ಊರಲ್ಲಿ ಇರಲಾರೆ ಅನ್ನುವ ಹಾಡು. ಮಾತು ಇಷ್ಟು ಕಹಿ, ಆದರೆ ನಾಲ್ವರೂ ನಗುತ್ತಾ ಓಡುತ್ತಿರುವ ಹಾಗಿದೆ. ಬ್ಲೂಸ್ ಅಂದರೆ ಅಳು ಅಂದುಕೊಂಡವರಿಗೆ ಇದನ್ನು ಕೇಳಿಸಬೇಕು. ‘ವಿಲೋ ವೀಪ್ ಫಾರ್ ಮಿ’ ಮತ್ತು ‘ಗಾಡ್ ಬ್ಲೆಸ್ ದ ಚೈಲ್ಡ್’ ಬೇರೆ ಜಾತಿಯವು. ಅವು ಹನ್ನೆರಡು ಬಾರ್‌ನ ಸುತ್ತಿನವಲ್ಲ. ಧಾಟಿಯೇ ಸಾಲಿನ ಹೆಚ್ಚು ಭಾಗ ತುಂಬಿಕೊಂಡಿರುತ್ತದೆ, ಉತ್ತರಕ್ಕೆ ಉಳಿಯುವ ಜಾಗ ಕಡಿಮೆ. ಅಲ್ಲಿ ಮೆಕ್ಯಾನ್ ಸ್ವಲ್ಪ ಮರ್ಯಾದಸ್ಥನಾಗಿಬಿಡುತ್ತಾನೆ ಅಂತ ನನ್ನ ದೂರು. ಗಾಯಕನಿಗೆ ಅವು ಚೆನ್ನ, ಜೋಡಿಗೆ ಅಷ್ಟಿಲ್ಲ. ‘ಲಾಸ್ಟ್ ಅಂಡ್ ಲುಕಿನ್’ ಅನ್ನು ಮರುವರ್ಷ, 1963ರಲ್ಲಿ, ಸ್ಯಾಮ್ ಕುಕ್ ಕೂಡ ಹಾಡಿದ. ಅವನ ‘ನೈಟ್ ಬೀಟ್’ ಆಲ್ಬಂನಲ್ಲಿದೆ. ಅವನ ಆ ಹಾಡಿನಲ್ಲಿ ಪಿಯಾನೊ ಇಲ್ಲ, ಬಾಸ್ ಮತ್ತು ಡ್ರಮ್‌ನ ಸಣ್ಣ ಸದ್ದು ಮಾತ್ರ. ಸಂದಿಗಳನ್ನು ಯಾರೂ ತುಂಬದಿದ್ದರೆ ಹೇಗಿರುತ್ತದೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಸಿಗದು.

ಮೂರನೇ ಪ್ರಶ್ನೆ. ಯಾರ ಆಲ್ಬಂ? ಕಾಗದದ ಮೇಲೆ ಇದು ರಾಲ್ಸ್‌ನದು. ಅವನ ಮೊದಲ ಆಲ್ಬಂ, ಅವನ ಕಂಪನಿ ಕ್ಯಾಪಿಟಲ್. ಮೆಕ್ಯಾನ್ ಆ ಹೊತ್ತಿಗೆ ಪೆಸಿಫಿಕ್ ಜಾಝ್ ಕಂಪನಿಯಲ್ಲಿ ‘ದ ಟ್ರೂತ್’ ಎಂಬ ಆಲ್ಬಂನಿಂದ ಹೆಸರು ಮಾಡಿದ್ದವನು. ಹೊದಿಕೆಯ ಮೇಲೆ ‘ಲೆಸ್ ಮೆಕ್ಯಾನ್ ಲಿಮಿಟೆಡ್’ ಅಂತ ಇದೆ ನೋಡಿ. ಅದು ಯಾವುದೋ ಉದ್ಯಮ ಅಲ್ಲ, ಅವನ ಮೂವರ ತಂಡದ ಹೆಸರು. ತಂಡ ಅಂದರೆ ಅವನಿಗೆ ಪ್ರಾಣ. ಕ್ಯಾನನ್‌ಬಾಲ್ ಆಡರ್ಲಿಯಂಥ ದೊಡ್ಡ ಸ್ಯಾಕ್ಸಫೋನ್ ವಾದಕ ತನ್ನ ಜೊತೆ ಬಾ ಅಂತ ಕರೆದಾಗಲೂ ತಂಡ ಬಿಟ್ಟು ಹೋಗಲಿಲ್ಲ. ಅಂದರೆ ಕ್ಯಾಪಿಟಲ್ ಈ ಹೊಸ ಹುಡುಗನಿಗೆ ತಂದುಕೊಟ್ಟದ್ದು ಸ್ಟುಡಿಯೋದಲ್ಲಿ ದಿನಗೂಲಿಗೆ ಸಿಗುವ ವಾದಕರನ್ನಲ್ಲ. ರಾತ್ರಿ ರಾತ್ರಿ ಒಟ್ಟಿಗೆ ನುಡಿಸಿ ಒಬ್ಬರ ಕಣ್ಣು ಇನ್ನೊಬ್ಬರಿಗೆ ಗೊತ್ತಿದ್ದ ಮೂವರನ್ನು. ಅದಕ್ಕೇ ನನ್ನ ಲೆಕ್ಕದಲ್ಲಿ ಇದು ಇಬ್ಬರ ಆಲ್ಬಂ. ಅನುಮಾನ ಇದ್ದರೆ ರಾಲ್ಸ್‌ನ ಮುಂದಿನ ಆಲ್ಬಂ ‘ಬ್ಲ್ಯಾಕ್ ಅಂಡ್ ಬ್ಲೂ’ ಕೇಳಿ. ಅಲ್ಲಿ ಆನ್ಜಿ ಮ್ಯಾಥ್ಯೂಸ್‌ನ ದೊಡ್ಡ ತಂಡ. ಅದೇ ಗಂಟಲು, ಹೆಚ್ಚುಕಡಿಮೆ ಅದೇ ಬಗೆಯ ಹಾಡು. ಆದರೆ ದೊಡ್ಡ ತಂಡದಲ್ಲಿ ಸಂದಿಯಲ್ಲಿ ಏನು ಊದಬೇಕು ಅನ್ನುವುದನ್ನು ಮೊದಲೇ ಕಾಗದದ ಮೇಲೆ ಬರೆದಿರುತ್ತಾರೆ. ಗಾಯಕ ಹೇಗೆ ಹಾಡಿದರೂ ಉತ್ತರ ಅದೇ. ಅಂಚೆ ಕಚೇರಿಯಲ್ಲಿ ಸಿಗುವ ಉತ್ತರದ ಹಾಗೆ.

ಇದು ಹಿಡಿಸಿದವರಿಗೆ ಮುಂದೆ ಏನು ಕೇಳುವುದು? 1966ರ ‘ಲೂ ರಾಲ್ಸ್ ಲೈವ್’ನಲ್ಲಿ ‘ಸ್ಟಾರ್ಮಿ ಮಂಡೇ’ ಮತ್ತೆ ಬರುತ್ತದೆ, ‘ಮಡ್ಡಿ ವಾಟರ್’ ಕೂಡ. ಅಷ್ಟು ಹೊತ್ತಿಗೆ ಅವನಿಗೆ ಹಾಡಿನ ನಡುವೆ ಉದ್ದುದ್ದ ಮಾತಾಡುವ ಚಾಳಿ ಹತ್ತಿತ್ತು, ಶಿಕಾಗೊ ಬೀದಿಯ ಕತೆಗಳು. ನಾಲ್ಕು ವರ್ಷದಲ್ಲಿ ಒಬ್ಬ ಗಾಯಕ ಎಷ್ಟು ಬಿಚ್ಚಿಕೊಳ್ಳಬಹುದು ಅಂತ ತಿಳಿಯುತ್ತದೆ. ಇನ್ನು ಬೇರೆ ಜೋಡಿಗಳು ಬೇಕಿದ್ದರೆ ನ್ಯಾನ್ಸಿ ವಿಲ್ಸನ್ ಮತ್ತು ಜಾರ್ಜ್ ಶಿಯರಿಂಗ್ 1961ರಲ್ಲಿ ತಂದ ‘ದ ಸ್ವಿಂಗಿನ್ಸ್ ಮ್ಯೂಚುವಲ್’ ಇದೆ. ಅದರ ಹನ್ನೆರಡರಲ್ಲಿ ಆರರಲ್ಲಿ ಮಾತ್ರ ಅವಳು ಹಾಡುತ್ತಾಳೆ. ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ನೀಟು. ಟೋನಿ ಬೆನೆಟ್ ಮತ್ತು ಬಿಲ್ ಎವನ್ಸ್‌ರ 1975ರ ಆಲ್ಬಂನಲ್ಲಿ ಬಾಸೂ ಇಲ್ಲ, ಡ್ರಮ್ಮೂ ಇಲ್ಲ, ಒಂದು ದನಿ, ಒಂದು ಪಿಯಾನೊ. ಬೆನೆಟ್ ಸೋಲ್ ಗಾಯಕನಲ್ಲ. ಆದರೂ ನಿಮ್ಮಂಥ ಸಾಥ್‌ನವರು ಅದನ್ನು ಕೇಳಲೇಬೇಕು, ಯಾಕೆಂದರೆ ಅಲ್ಲಿ ಎವನ್ಸ್ ನಿಮ್ಮಂತೆ ನೆಲವನ್ನೂ ಹಿಡಿಯಬೇಕು, ಮೆಕ್ಯಾನ್‌ನಂತೆ ಮಾತೂ ಆಡಬೇಕು.

ಮೆಕ್ಯಾನ್‌ಗೆ ಗಾಯಕರನ್ನು ಗುರುತಿಸುವ ಕಿವಿ ಮುಂದೆಯೂ ಕೈಕೊಡಲಿಲ್ಲ. 1968ರ ಸುಮಾರಿಗೆ ವಾಷಿಂಗ್ಟನ್‌ನ ಒಂದು ಕ್ಲಬ್ಬಿನಲ್ಲಿ ಪಿಯಾನೊ ನುಡಿಸುತ್ತಾ ಹಾಡುತ್ತಿದ್ದ ಒಬ್ಬ ಶಾಲಾ ಟೀಚರನ್ನು ಕೇಳಿ, ಅಟ್ಲಾಂಟಿಕ್ ಕಂಪನಿಗೆ ಪರಿಚಯಿಸಿದ. ಅವಳು ರಾಬರ್ಟಾ ಫ್ಲ್ಯಾಕ್. 1969ರಲ್ಲಿ ಬಂದ ಅವಳ ಮೊದಲ ಆಲ್ಬಂ ‘ಫಸ್ಟ್ ಟೇಕ್’ನ ಮೊದಲ ಹಾಡು ‘ಕಂಪೇರ್ಡ್ ಟು ವಾಟ್’. ಅದೇ ಹಾಡನ್ನು ಅದೇ ವರ್ಷ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಮೊಂಟ್ರೋ ಉತ್ಸವದಲ್ಲಿ ಮೆಕ್ಯಾನ್ ಸ್ವತಃ ಹಾಡಿದ, ಜೊತೆಗೆ ಸ್ಯಾಕ್ಸಫೋನ್‌ನ ಎಡ್ಡಿ ಹ್ಯಾರಿಸ್. ಸರಿಯಾಗಿ ತಾಲೀಮೂ ಆಗಿರಲಿಲ್ಲ. ಅವನ ಜೀವನದ ಅತಿ ದೊಡ್ಡ ಹಿಟ್ ಅದೇ ಆಯಿತು. ಅಲ್ಲಿ ಅವನು ತಾನೇ ಹಾಡಿ ತಾನೇ ಉತ್ತರ ಕೊಟ್ಟುಕೊಳ್ಳುತ್ತಾನೆ, ಹಳೆಯ ಗಿಟಾರ್‌ನವರ ಹಾಗೆ. ರಾಲ್ಸ್ 2006ರಲ್ಲಿ ಹೋದ, ಮೆಕ್ಯಾನ್ 2023ರ ಡಿಸೆಂಬರ್ ಕೊನೆಯಲ್ಲಿ.

ನಮ್ಮ ಕಡೆಯದೂ ಒಂದು ಇದೆ, ಪಿಯಾನೊದ್ದಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಂ ತಂದಿತು. ಹಾಡಿದವರು ಆರ್. ಎ. ರಮಾಮಣಿ. ಜಾಝ್‌ನಿಂದ ಬಂದವನು ಕರ್ನಾಟಕ ಸಂಗೀತದ ಕಂಠದ ಪಕ್ಕದಲ್ಲಿ ನಿಂತು ಎಲ್ಲಿ ಊದುತ್ತಾನೆ, ಎಲ್ಲಿ ಸುಮ್ಮನಿರುತ್ತಾನೆ ಅಂತ ಕೇಳಿ. ನಿಮ್ಮ ಪ್ರಶ್ನೆಯೇ ಅಲ್ಲೂ ಇದೆ, ಬೇರೆ ವೇಷದಲ್ಲಿ.

ಕೊನೆಗೆ, ಮನೆಯಲ್ಲಿ ಮಾಡಿ ನೋಡುವ ಆಸೆ ಇದ್ದರೆ ಹೀಗೆ ಮಾಡಿ. ತಾಳ ಹಿಡಿಯಲು ತಬಲಾದವರನ್ನು ಕೂರಿಸಿಕೊಳ್ಳಿ. ನೆಲಕ್ಕೆ ತಂಬೂರಿ ಆ್ಯಪ್ ಸಾಕು. ಮಗಳಿಗೆ ಹಾಡಲು ಹೇಳಿ, ಯಾವ ಹಾಡಾದರೂ ಸರಿ, ಸಾಲಿನ ಕೊನೆಯಲ್ಲಿ ಸ್ವಲ್ಪ ಬಿಡುವು ಇರಬೇಕು ಅಷ್ಟೇ. ಅವಳು ಹಾಡುವಾಗ ಒಂದು ಸ್ವರವನ್ನೂ ಮುಟ್ಟಬೇಡಿ. ಸಾಲು ಮುಗಿದ ಮೇಲೆ ಮೂರು ಸ್ವರ, ಹೆಚ್ಚೆಂದರೆ ನಾಲ್ಕು. ಅವಳು ಹಾಡಿದ ಧಾಟಿಯನ್ನೇ ತಿರುಗಿ ನುಡಿಸುವಂತಿಲ್ಲ. ಮೊದಲ ದಿನ ಹಾಡಿನ ಮಧ್ಯೆಯೇ ಬೆರಳು ತಾನಾಗಿ ಅವಳ ಹಿಂದೆ ಓಡುತ್ತದೆ, ಇಪ್ಪತ್ತು ವರ್ಷದ ಅಭ್ಯಾಸ. ಒಂದು ಕೈ ತಿದಿ ಒತ್ತಲು ಬೇಕೇ ಬೇಕು. ಇನ್ನೊಂದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಡಿ.